ನಿಮ್ಮ ಅಂಗಡಿಯ ಹೆಸರನ್ನೇ ಇನ್ನೊಬ್ಬರು ಇಟ್ಟುಕೊಂಡಾಗ ಏನು ಮಾಡಬೇಕು

ವರ್ಷಗಟ್ಟಲೆ ಬೆವರು ಸುರಿಸಿ ಕಟ್ಟಿದ ಹೆಸರು. ಒಂದು ದಿನ ಅದೇ ಹೆಸರಿಗೆ ‘ನ್ಯೂ’ ಸೇರಿಸಿ ಎರಡು ಬೀದಿ ಆಚೆ ಇನ್ನೊಬ್ಬರು ಬೋರ್ಡು ಹಾಕುತ್ತಾರೆ. ‘ನಿಮ್ದೇ ಬ್ರಾಂಚಾ?’ ಅಂತ ಗಿರಾಕಿಗಳು ಕೇಳೋಕೆ ಶುರು ಮಾಡುತ್ತಾರೆ. ಅಲ್ಲಿ ಕೊಂಡ ಕಮಟು ಖಾರಾಕ್ಕೆ ಇಲ್ಲಿ ಬೈಗುಳ ಬೀಳುತ್ತದೆ. ಹೊಟ್ಟೆ ಉರಿಯದೆ ಇರುತ್ತಾ?

ಇಂಥ ಹೊತ್ತಿನಲ್ಲಿ ಕೆಲವರು ಅವತ್ತೇ ಹೋಗಿ ಜಗಳ ತೆಗೆಯುತ್ತಾರೆ. ಇನ್ನು ಕೆಲವರು ‘ಇರ್ಲಿ ಬಿಡಿ, ನಮ್ಮ ಗಿರಾಕಿ ನಮಗೆ’ ಅಂತ ವರ್ಷಗಟ್ಟಲೆ ಸುಮ್ಮನಿದ್ದುಬಿಡುತ್ತಾರೆ. ಎರಡರಲ್ಲೂ ನಷ್ಟ ನಿಮಗೇ. ಈ ವಿಷಯದಲ್ಲಿ ನಮ್ಮ ದೇಶದ ಕಾನೂನು ಸಣ್ಣ ವ್ಯಾಪಾರಿಯ ಕೈ ಬಿಡುವುದಿಲ್ಲ. ಆದರೆ ಹೆಸರನ್ನು ಮೊದಲು ಬಳಸಿದ್ದು ನೀವೇ ಅನ್ನೋದಕ್ಕೆ ಅದು ಕಾಗದ ಕೇಳುತ್ತದೆ. ಗೊತ್ತಾದ ಮೇಲೆ ನೀವು ಸುಮ್ಮನೆ ಕೂರಲಿಲ್ಲ ಅನ್ನೋದಕ್ಕೂ ಕಾಗದ ಕೇಳುತ್ತದೆ. ಕೆಳಗೆ ಹೇಳಿರುವ ಕೆಲಸಗಳೆಲ್ಲ ಇವೆರಡಕ್ಕಾಗಿಯೇ.

ವಿವರಿಸೋಕೆ ಸುಲಭವಾಗಲಿ ಅಂತ ಒಂದು ಕಲ್ಪಿತ ಹೆಸರು ಇಟ್ಟುಕೊಳ್ಳೋಣ. ನಿಮ್ಮದು ‘ಸಿರಿಗಂಪು ಕಾಂಡಿಮೆಂಟ್ಸ್’. ಚಕ್ಕುಲಿ, ಕೋಡುಬಳೆ, ಉಪ್ಪಿನಕಾಯಿ ವ್ಯಾಪಾರ. ಹೊಸಬರದು ‘ನ್ಯೂ ಸಿರಿಕಂಪು ಕಾಂಡಿಮೆಂಟ್ಸ್’.

1. ಮೊದಲು ಫೋಟೋ ತೆಗೆಯಿರಿ, ಆಮೇಲೆ ಮಾತು

ಮೊದಲ ಒಂದು ವಾರ ಎದುರಿನವರಿಗೆ ಏನೂ ಹೇಳಬೇಡಿ. ಫೇಸ್‌ಬುಕ್ಕಿನಲ್ಲೂ ಬರೆಯಬೇಡಿ. ನೀವು ಸಿಟ್ಟಾಗಿದ್ದೀರಿ ಅಂತ ಗೊತ್ತಾದ ಕೂಡಲೇ ಬೋರ್ಡು ಸ್ವಲ್ಪ ಬದಲಾಗಬಹುದು, ಇನ್‌ಸ್ಟಾಗ್ರಾಮ್ ಪೋಸ್ಟುಗಳು ಮಾಯವಾಗಬಹುದು. ಅಷ್ಟರೊಳಗೆ ಈಗ ಇರುವುದನ್ನು ಇರುವ ಹಾಗೇ ಹಿಡಿದಿಟ್ಟುಕೊಳ್ಳಿ.

ಅಂಗಡಿಯ ಬೋರ್ಡನ್ನು ದೂರದಿಂದ ಒಂದು, ಹತ್ತಿರದಿಂದ ಒಂದು ಫೋಟೋ ತೆಗೆಯಿರಿ. ಪಕ್ಕದ ಅಂಗಡಿ, ಬೀದಿ ಕಾಣುವ ಹಾಗೆ ಇನ್ನೊಂದು ಇರಲಿ. ಆಮೇಲೆ ಮನೆಯವರನ್ನೋ ಸ್ನೇಹಿತರನ್ನೋ ಕಳಿಸಿ ಕಾಲು ಕೆಜಿ ಕೋಡುಬಳೆ ತರಿಸಿ. ಬಿಲ್ ಕೇಳಿ ಪಡೆಯಿರಿ, ಪ್ಯಾಕೆಟ್ ಬಿಸಾಡಬೇಡಿ. ಆ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಇದ್ದರೆ ಒಳ್ಳೆಯದೇ ಆಯ್ತು. ಜಿಎಸ್‌ಟಿ ಪೋರ್ಟಲ್ಲಿನಲ್ಲಿ ಆ ನಂಬರ್ ಹಾಕಿದರೆ ಮಾಲೀಕರ ಅಧಿಕೃತ ಹೆಸರು, ವ್ಯಾಪಾರದ ಹೆಸರು, ನೋಂದಣಿ ಆದ ದಿನಾಂಕ ಎಲ್ಲವೂ ಬರುತ್ತವೆ. ಇದನ್ನು ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಾಗಿಲ್ಲ. ನಾಳೆ ಪತ್ರ ಬರೆಯುವಾಗ, ದಾವೆ ಹೂಡುವಾಗ ಯಾರ ಹೆಸರಿಗೆ ಬರೆಯಬೇಕು ಅನ್ನೋದು ಇಲ್ಲೇ ತಿಳಿಯುತ್ತದೆ. ತಿನಿಸಿನ ಪ್ಯಾಕೆಟ್ ಆದರೆ ಅದರ ಮೇಲಿನ ಆಹಾರ ಪರವಾನಗಿ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ.

ಗೂಗಲ್ ಮ್ಯಾಪ್, ಸ್ವಿಗ್ಗಿ, ಜೊಮ್ಯಾಟೊ, ಇನ್‌ಸ್ಟಾಗ್ರಾಮ್‌ಗಳಲ್ಲಿ ಅವರ ಹೆಸರು ಹೇಗೆ ಬರುತ್ತದೆ ಅನ್ನೋದರ ಸ್ಕ್ರೀನ್‌ಶಾಟ್ ತೆಗೆಯಿರಿ. ದಿನಾಂಕವೂ ವಿಳಾಸದ ಸಾಲೂ ಕಾಣುವಂತಿರಲಿ. ಫೋಟೋ ತೆಗೆದ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಇಂಥ ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಒಂದು ಪ್ರಮಾಣಪತ್ರ ಕೊಡಬೇಕಾಗುತ್ತದೆ. ಮೂಲ ಫೋನು ಕೈಯಲ್ಲಿದ್ದರೆ ಆ ಕೆಲಸ ಸಲೀಸು. ವಾಟ್ಸಾಪಿನಲ್ಲಿ ನಾಲ್ಕು ಕೈ ದಾಟಿ ಬಂದ ಫೋಟೋ ಆದರೆ ವಕೀಲರು ತಲೆ ಕೆರೆದುಕೊಳ್ಳಬೇಕಾಗುತ್ತದೆ.

2. ಆ ಹೆಸರು ನಿಜಕ್ಕೂ ನಿಮ್ಮೊಬ್ಬರದ್ದೇ?

ಇದನ್ನು ಕೇಳಿಕೊಳ್ಳೋಕೆ ಯಾರಿಗೂ ಇಷ್ಟ ಆಗೋದಿಲ್ಲ. ಆದರೂ ಕೇಳಿಕೊಳ್ಳಲೇಬೇಕು. ದುಡ್ಡು ಖರ್ಚು ಮಾಡಿದ ಮೇಲೆ ಉತ್ತರ ಸಿಗುವುದಕ್ಕಿಂತ ಮೊದಲೇ ಸಿಗುವುದು ಮೇಲು.

‘ಅಯ್ಯಂಗಾರ್ ಬೇಕರಿ’ ಅಂತ ಬೆಂಗಳೂರಿನಲ್ಲಿ ಬೀದಿಗೊಂದು ಇದೆ. ‘ಉಡುಪಿ ಹೋಟೆಲ್’, ‘ದಾವಣಗೆರೆ ಬೆಣ್ಣೆ ದೋಸೆ’ ಕೂಡ ಹಾಗೇ. ಇವು ತಿಂಡಿಯ ಬಗೆಯನ್ನೋ ಊರನ್ನೋ ಹೇಳುವ ಮಾತುಗಳು. ಇವನ್ನು ಒಬ್ಬರೇ ಹಿಡಿದಿಟ್ಟುಕೊಳ್ಳೋಕೆ ಆಗುವುದಿಲ್ಲ. ವ್ಯಾಪಾರದ ಹೆಸರು, ಗುರುತುಗಳಿಗೆ ಅಂತಲೇ ಇರುವ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಸರಕಿನ ಗುಣ, ಬಗೆ, ಊರು ಹೇಳುವ ಪದಗಳನ್ನು ಸಾಮಾನ್ಯವಾಗಿ ನೋಂದಣಿಯಿಂದ ದೂರ ಇಡುತ್ತದೆ. ದೀರ್ಘ ಬಳಕೆಯಿಂದ ಆ ಪದ ಕೇಳಿದ ಕೂಡಲೇ ಜನಕ್ಕೆ ನಿಮ್ಮ ಅಂಗಡಿಯೇ ನೆನಪಾಗುತ್ತದೆ ಅಂತ ತೋರಿಸಿದರೆ ಮಾತ್ರ ವಿನಾಯಿತಿ ಉಂಟು.

ದೇವರ ಹೆಸರು, ನದಿಯ ಹೆಸರು, ಪುರಾಣದ ಹೆಸರು ಇಟ್ಟುಕೊಂಡವರು ನಂದಿನಿ ಪ್ರಕರಣವನ್ನು ತಿಳಿದಿರಬೇಕು. ಕೆಎಂಎಫ್ 1985ರಿಂದ ‘ನಂದಿನಿ’ ಹೆಸರಿನಲ್ಲಿ ಹಾಲು ಮಾರುತ್ತಿದೆ. ಬೆಂಗಳೂರಿನ ‘ನಂದಿನಿ ಡಿಲಕ್ಸ್’ ಹೋಟೆಲಿನವರು 1989ರಿಂದ ಆ ಹೆಸರು ಬಳಸುತ್ತಿದ್ದರು. ಇಂಗ್ಲಿಷಿನಲ್ಲಿ ಬರೆಯುವಾಗ ಅವರದ್ದರಲ್ಲಿ ಒಂದು ‘ಎಚ್’ ಅಕ್ಷರ ಜಾಸ್ತಿ. ಹೋಟೆಲಿನವರು ಆಹಾರ ಪದಾರ್ಥಗಳಿಗೆ ನೋಂದಣಿ ಕೇಳಿದಾಗ ಕೆಎಂಎಫ್ ವಿರೋಧಿಸಿತು. ಟ್ರೇಡ್‌ಮಾರ್ಕ್ ತಕರಾರು ಕೇಳುತ್ತಿದ್ದ ಮೇಲ್ಮನವಿ ಮಂಡಳಿಯೂ ಹೈಕೋರ್ಟೂ ಕೆಎಂಎಫ್ ಪರ ಹೇಳಿದವು. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಇದು ದೇವತೆಯ, ಪುರಾಣದ ಹಸುವಿನ ಹೆಸರು. ಎರಡೂ ಕಡೆಯ ಲೋಗೋ ಬೇರೆ, ಸರಕು ಬೇರೆ. ಹಾಗಾಗಿ ಹೋಟೆಲಿನವರು ಬಳಸಬಹುದು ಎಂದಿತು. ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಮಾತ್ರ ಆ ನೋಂದಣಿ ಸಿಗಲಿಲ್ಲ. ರಾಜ್ಯದಲ್ಲಿ ಮನೆಮನೆಗೆ ಗೊತ್ತಿರುವ ಸಂಸ್ಥೆಗೇ ಹೀಗಾಯಿತು. ನಿಮ್ಮದು ‘ಶ್ರೀ ಗಣೇಶ’ವೋ ‘ಕಾವೇರಿ’ಯೋ ಆಗಿದ್ದು ಎದುರಿನವರು ಬೇರೆಯೇ ವ್ಯಾಪಾರ ಮಾಡುತ್ತಿದ್ದರೆ, ನನ್ನ ಸಲಹೆ ಇಷ್ಟೇ: ಬಿಟ್ಟುಬಿಡಿ. ಆ ದುಡ್ಡನ್ನು ಹೊಸ ಲೋಗೋಗೆ, ಹೊಸ ಪ್ಯಾಕೆಟ್ಟಿಗೆ ಹಾಕಿ.

ಅದೇ ‘ಸಿರಿಗಂಪು’ ಥರ ನೀವೇ ಕಟ್ಟಿದ ಹೆಸರು, ಅದೇ ಊರು, ಅದೇ ಚಕ್ಕುಲಿ ಆದರೆ ಮಾತೇ ಬೇರೆ. ಅಲ್ಲಿ ಒಂದಕ್ಷರದ ವ್ಯತ್ಯಾಸವನ್ನಾಗಲಿ, ಮುಂದೆ ಅಂಟಿಸಿದ ‘ನ್ಯೂ’ವನ್ನಾಗಲಿ ಕೋರ್ಟು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ‘ಅಮೃತಧಾರಾ’ ಮತ್ತು ‘ಲಕ್ಷ್ಮಣಧಾರಾ’ ಅನ್ನುವ ಎರಡು ಔಷಧಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1962ರಲ್ಲೇ ಅಳತೆಗೋಲು ಕೊಟ್ಟಿದೆ. ಸಾಧಾರಣ ಬುದ್ಧಿಯ, ಅರೆಬರೆ ನೆನಪಿನ ಗಿರಾಕಿಗೆ ಗೊಂದಲ ಆಗುತ್ತದೋ ಇಲ್ಲವೋ ನೋಡಬೇಕು. ಎರಡು ಬೋರ್ಡನ್ನು ಅಕ್ಕಪಕ್ಕ ಇಟ್ಟು ಅಕ್ಷರ ಎಣಿಸುವ ಗಿರಾಕಿ ಯಾರೂ ಇಲ್ಲ, ಅಲ್ವಾ? ಕಿವಿಗೆ ಹೇಗೆ ಕೇಳುತ್ತದೆ ಅನ್ನೋದೂ ಅಷ್ಟೇ ಮುಖ್ಯ.

3. ಮೊದಲು ಬಳಸಿದ್ದು ಯಾರು? ಹಳೇ ಪೆಟ್ಟಿಗೆ ತೆಗೆಯಿರಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ಕೊಡಿ.

ತುಂಬ ಜನ ‘ನನ್ನ ಹತ್ತಿರ ಟ್ರೇಡ್ ಲೈಸೆನ್ಸ್ ಇದೆ, ಜಿಎಸ್‌ಟಿ ಇದೆ, ಉದ್ಯಮ್ ಇದೆ, ಹೆಸರು ನಂದೇ’ ಅಂದುಕೊಂಡಿರುತ್ತಾರೆ. ಈ ಯಾವ ಕಾಗದವೂ ಹೆಸರಿನ ಹಕ್ಕು ಕೊಡುವುದಿಲ್ಲ. ನಗರಸಭೆ ನಿಮ್ಮ ಪಕ್ಕದವರಿಗೂ ಅದೇ ಹೆಸರಿನಲ್ಲಿ ಲೈಸೆನ್ಸ್ ಕೊಡಬಹುದು. ಆದರೆ ಯಾವ ದಿನದಿಂದ ಆ ಹೆಸರು ಬಳಸಿದ್ದೀರಿ ಅನ್ನೋದಕ್ಕೆ ಇವೆಲ್ಲ ಒಳ್ಳೆಯ ಸಾಕ್ಷಿ. ಬೆಲೆ ಇರುವುದು ಅವುಗಳ ಮೇಲಿನ ದಿನಾಂಕಕ್ಕೆ.

ಕಾಯ್ದೆಯ 34ನೇ ಸೆಕ್ಷನ್ ಮೊದಲಿನಿಂದ ಬಳಸಿಕೊಂಡು ಬಂದವರನ್ನು ಕಾಪಾಡುತ್ತದೆ. ಆಮೇಲೆ ಬಂದವರು ನೋಂದಣಿ ಮಾಡಿಸಿಕೊಂಡಿದ್ದರೂ ಮೊದಲಿನವರ ಬಳಕೆಯನ್ನು ತಡೆಯೋಕೆ ಆಗುವುದಿಲ್ಲ. ತಿರುನೆಲ್ವೇಲಿಯ ‘ಇರುಟ್ಟುಕಡೈ ಹಲ್ವಾ’ ಅಂಗಡಿ ಕೇಳಿರಬಹುದು. ಇನ್ನೊಬ್ಬರು ‘ತಿರುನೆಲ್ವೇಲಿ ಇರುಟ್ಟುಕಡೈ ಹಲ್ವಾ’ ಅಂತ ಶುರು ಮಾಡಿದರು. ಅವರ ಕೈಯಲ್ಲೂ ನೋಂದಣಿ ಇತ್ತು. ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ನೋಂದಣಿಗಿಂತ ಮೊದಲ ಬಳಕೆದಾರರ ಹಕ್ಕು ದೊಡ್ಡದು ಅಂತ 2015ರಲ್ಲಿ ಕೋರ್ಟು ಹೇಳಿತು. ಹಳೇ ಅಂಗಡಿ ಗೆದ್ದಿತು.

ಹಾಗಾದರೆ ಏನೇನು ಹುಡುಕಬೇಕು? ಮೊದಲ ಬಿಲ್ ಪುಸ್ತಕ. ಪ್ಯಾಕೆಟ್, ಸ್ವೀಟ್ ಬಾಕ್ಸ್ ಅಚ್ಚು ಹಾಕಿಸಿದ ಪ್ರೆಸ್ಸಿನ ರಸೀದಿ. ಬೋರ್ಡು ಬರೆದವರಿಗೆ ಕೊಟ್ಟ ದುಡ್ಡಿನ ಚೀಟಿ. ಅಂಗಡಿ ಹೆಸರಿನಲ್ಲಿ ತೆರೆದ ಬ್ಯಾಂಕ್ ಚಾಲ್ತಿ ಖಾತೆಯ ಮೊದಲ ಪುಟ. ಬಾಡಿಗೆ ಕರಾರು. ಆದಾಯ ತೆರಿಗೆ ರಿಟರ್ನ್. ಊರ ಜಾತ್ರೆಯ ಸ್ಮರಣ ಸಂಚಿಕೆಗೆ, ಸ್ಥಳೀಯ ಪತ್ರಿಕೆಗೆ ಕೊಟ್ಟ ಜಾಹೀರಾತು. ಉದ್ಘಾಟನೆಯ ಆಮಂತ್ರಣ ಪತ್ರಿಕೆ. ಎಣ್ಣೆ, ಕಡಲೆಹಿಟ್ಟು ಕೊಟ್ಟ ಮಂಡಿಯವರ ಬಿಲ್ಲಿನಲ್ಲಿ ನಿಮ್ಮ ಅಂಗಡಿ ಹೆಸರು.

ಒಂದು ಕಾಗದ ಹೇಗೆ ಕೆಲಸಕ್ಕೆ ಬರುತ್ತದೆ ಅಂತ ಹತ್ತಿರದಿಂದ ನೋಡಿ. ಜಾತ್ರೆಯ ಸ್ಮರಣ ಸಂಚಿಕೆಯ ಕೊನೆಯ ಪುಟಗಳಲ್ಲಿ ಕಾಲು ಪುಟದ ಜಾಹೀರಾತು ಇದೆ ಅಂದುಕೊಳ್ಳಿ. ‘ಶುಭ ಕೋರುವವರು: ಸಿರಿಗಂಪು ಕಾಂಡಿಮೆಂಟ್ಸ್, ಬಸ್‌ಸ್ಟಾಂಡ್ ಹತ್ತಿರ’. ಕೆಳಗೆ ಲ್ಯಾಂಡ್‌ಲೈನ್ ನಂಬರ್. ಮುಖಪುಟದಲ್ಲಿ ಇಸವಿ. ಇದನ್ನು ಅಚ್ಚು ಹಾಕಿಸಿದ್ದು ದೇವಸ್ಥಾನದ ಸಮಿತಿ, ನೀವಲ್ಲ. ಊರಿನ ನೂರಾರು ಮನೆಗಳಲ್ಲಿ ಇದರ ಪ್ರತಿ ಇದೆ. ಕೇಸಿಗಾಗಿ ಈಗ ಸೃಷ್ಟಿಸಿದ್ದು ಅಂತ ಯಾರೂ ಹೇಳೋಕಾಗಲ್ಲ. ನಿಮ್ಮ ಕಪಾಟಿನಲ್ಲಿ ಇಲ್ಲದಿದ್ದರೆ ಸಮಿತಿಯವರ ಹತ್ತಿರ, ಊರ ಗ್ರಂಥಾಲಯದಲ್ಲಿ ಕೇಳಿ. ಮೂರನೆಯವರ ಕೈಯಿಂದ ಬಂದ ಇಂಥ ಕಾಗದಕ್ಕೆ ನಿಮ್ಮ ಸ್ವಂತ ಲೆಕ್ಕದ ಪುಸ್ತಕಕ್ಕಿಂತ ತೂಕ ಜಾಸ್ತಿ.

ವರ್ಷವಾರು ಜೋಡಿಸಿ. ಮಧ್ಯೆ ಎರಡು ಮೂರು ವರ್ಷ ಖಾಲಿ ಬಿದ್ದಿದ್ದರೆ ಅದಕ್ಕೂ ಏನಾದರೂ ಹುಡುಕಿ; ನಡುವೆ ವ್ಯಾಪಾರ ನಿಂತಿತ್ತು ಅಂತ ಎದುರಿನವರು ವಾದಿಸಬಹುದು. ಪ್ರತಿ ವರ್ಷದ ವಹಿವಾಟು, ಜಾಹೀರಾತಿನ ಖರ್ಚು ಎಷ್ಟು ಅಂತ ನಿಮ್ಮ ಆಡಿಟರ್ ಹತ್ತಿರ ಒಂದು ಪಟ್ಟಿ ಬರೆಸಿಕೊಳ್ಳಿ.

ಈ ಹುಡುಕಾಟದಲ್ಲಿ ಅವರೇ ಮೊದಲು ಬಳಸಿದ್ದಾರೆ ಅಂತ ತಿಳಿದರೆ? ಆಗ ಜಗಳದ ಯೋಚನೆ ಬಿಟ್ಟು ನೇರವಾಗಿ ರಾಜಿಯ ಮಾತಿಗೆ ಹೋಗಿ.

4. ಗೊಂದಲಕ್ಕೆ ಒಂದು ನೋಟ್‌ಬುಕ್ ಇಡಿ

ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಪುಸ್ತಕ ಇಟ್ಟು, ಹೆಸರಿನಿಂದ ಆದ ಪ್ರತಿ ಎಡವಟ್ಟನ್ನೂ ಬರೆಯಿರಿ. ಡೆಲಿವರಿ ಹುಡುಗ ಅವರ ಆರ್ಡರ್ ಕೇಳಿಕೊಂಡು ನಿಮ್ಮಲ್ಲಿಗೆ ಬಂದ. ಅವರಿಗೆ ಹೋಗಬೇಕಾದ ಕೊರಿಯರ್ ನಿಮಗೆ ಬಂತು. ಮದುವೆ ಮನೆಯವರು ಮುಂಗಡ ಅಲ್ಲಿ ಕೊಟ್ಟು ಸಾಮಾನು ಇಲ್ಲಿ ಕೇಳಿದರು. ಗೂಗಲ್ಲಿನಲ್ಲಿ ನಿಮ್ಮ ಪುಟಕ್ಕೆ ಅವರ ಅಂಗಡಿಯ ಬಗ್ಗೆ ಒಂದು ಸ್ಟಾರ್ ಬಿತ್ತು. ದಿನಾಂಕ, ಹೊತ್ತು, ಯಾರು, ಏನಾಯಿತು ಅಂತ ಎರಡು ಸಾಲು ಸಾಕು. ಒಪ್ಪಿದರೆ ಅವರ ಸಹಿ, ಫೋನ್ ನಂಬರ್ ತೆಗೆದುಕೊಳ್ಳಿ. ಅಂಗಡಿ ಹುಡುಗರಿಗೂ ಇದನ್ನು ಕಲಿಸಿ, ಗಲ್ಲೆಯಲ್ಲಿ ಕೂರುವುದು ಹೆಚ್ಚಾಗಿ ಅವರೇ.

ನೋಂದಣಿ ಇಲ್ಲದ ಹೆಸರಿಗೂ ಕಾನೂನಿನಲ್ಲಿ ರಕ್ಷಣೆ ಇದೆ. ಅದನ್ನು ವಕೀಲರು ಪಾಸಿಂಗ್ ಆಫ್ ಅನ್ನುತ್ತಾರೆ. ತನ್ನ ಸರಕನ್ನು ಇನ್ನೊಬ್ಬರದ್ದು ಅಂತ ದಾಟಿಸುವುದರ ವಿರುದ್ಧದ ದಾವೆ ಅದು. ಅಲ್ಲಿ ಮೂರು ವಿಷಯ ತೋರಿಸಬೇಕು: ನಿಮ್ಮ ಹೆಸರಿಗೆ ಜನರಲ್ಲಿ ಬೆಲೆ ಇದೆ, ಎದುರಿನವರು ಜನರನ್ನು ದಾರಿ ತಪ್ಪಿಸುತ್ತಿದ್ದಾರೆ, ಅದರಿಂದ ನಿಮಗೆ ನಷ್ಟ ಆಗುತ್ತಿದೆ ಅಥವಾ ಆಗಲಿದೆ. ಹಳೇ ಪೆಟ್ಟಿಗೆಯ ಕಾಗದ ಮೊದಲನೆಯದಕ್ಕೆ. ಈ ನೋಟ್‌ಬುಕ್ ಉಳಿದೆರಡಕ್ಕೆ.

5. ನೋಂದಣಿ ಇಲ್ಲವಾ? ಈಗಲೇ ಅರ್ಜಿ ಹಾಕಿ

ಸರ್ಕಾರದ ಐಪಿ ಇಂಡಿಯಾ ಜಾಲತಾಣದಲ್ಲಿ ಟ್ರೇಡ್‌ಮಾರ್ಕ್ ಹುಡುಕಾಟ ಉಚಿತ. ಹೆಸರನ್ನು ಅಕ್ಷರದ ಪ್ರಕಾರವೂ ಹುಡುಕಿ, ಉಚ್ಚಾರಣೆಯ ಪ್ರಕಾರವೂ ಹುಡುಕಿ. ಎದುರಿನವರು ಈಗಾಗಲೇ ಅರ್ಜಿ ಹಾಕಿದ್ದಾರೋ, ಅದರಲ್ಲಿ ಯಾವ ದಿನದಿಂದ ಬಳಸುತ್ತಿದ್ದೇವೆ ಅಂತ ಹೇಳಿಕೊಂಡಿದ್ದಾರೋ ಅಲ್ಲೇ ಕಾಣುತ್ತದೆ. ಆ ದಿನಾಂಕವನ್ನು ಅವರ ಜಿಎಸ್‌ಟಿ ನೋಂದಣಿಯ ದಿನಾಂಕದ ಜೊತೆ ಹೋಲಿಸಿ ನೋಡಿ. ಎರಡೂ ತಾಳೆಯಾಗದಿದ್ದರೆ ವಕೀಲರಿಗೆ ತಪ್ಪದೆ ತೋರಿಸಿ.

ಸರಕು ಸೇವೆಗಳನ್ನು 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಚಕ್ಕುಲಿ, ಕೋಡುಬಳೆ, ಮಸಾಲೆ ಪುಡಿ, ಕಾಫಿ 30ನೇ ವರ್ಗ. ಉಪ್ಪಿನಕಾಯಿ, ಹಾಲಿನ ಪದಾರ್ಥ 29. ಬಟ್ಟೆ 25. ಒಡವೆ 14. ಹೋಟೆಲು 43. ಅಂಗಡಿ ವ್ಯಾಪಾರ 35. ವ್ಯಕ್ತಿಗಳಿಗೆ, ಸ್ಟಾರ್ಟಪ್‌ಗಳಿಗೆ, ಉದ್ಯಮ್ ನೋಂದಣಿ ಇರುವ ಸಣ್ಣ ಉದ್ದಿಮೆಗಳಿಗೆ 2017ರ ನಿಯಮಗಳ ಪ್ರಕಾರ ಆನ್‌ಲೈನ್ ಶುಲ್ಕ ವರ್ಗಕ್ಕೆ 4,500 ರೂಪಾಯಿ. ಉಳಿದವರಿಗೆ 9,000. ದುಡ್ಡಿಗೆ ತೊಂದರೆ ಇದ್ದರೆ ನಿಮ್ಮ ಮುಖ್ಯ ಸರಕಿನ ಒಂದೇ ವರ್ಗದಲ್ಲಿ ಹಾಕಿ. ಕರ್ನಾಟಕದವರ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆ. ಆನ್‌ಲೈನ್ ಆದ್ದರಿಂದ ಅರ್ಜಿ ಹಾಕೋಕೆ ಅಲ್ಲಿಗೆ ಹೋಗಬೇಕಿಲ್ಲ.

ಅರ್ಜಿಯಲ್ಲಿ ‘ಬಳಸಲಿದ್ದೇವೆ’ ಅಂತ ಹಾಕಬೇಡಿ. ಬಹಳ ಏಜೆಂಟರು ಬೇಗ ಮುಗಿಯಲಿ ಅಂತ ಹಾಗೆ ತುಂಬಿಬಿಡುತ್ತಾರೆ, ಯಾಕೆಂದರೆ ಬಳಕೆಯ ದಿನಾಂಕ ಹಾಕಿದರೆ ಅಫಿಡವಿಟ್, ದಾಖಲೆ ಲಗತ್ತಿಸಬೇಕು. ಹಾಗೆ ತುಂಬಿದರೆ ನಿಮ್ಮ ಹಳೆಯ ವರ್ಷಗಳನ್ನೆಲ್ಲ ನೀವೇ ಅಳಿಸಿಹಾಕಿದ ಹಾಗೆ. ಸಹಿ ಮಾಡುವ ಮೊದಲು ಆ ಒಂದು ಸಾಲನ್ನು ನೀವೇ ಓದಿ. ಕನ್ನಡ ಬೋರ್ಡಿನ ಮೇಲೆ ಹೆಸರು ಹೇಗಿದೆಯೋ ಹಾಗೂ ಒಂದು ಅರ್ಜಿ ಇರಲಿ ಅನ್ನೋದು ನನ್ನ ಅಭಿಪ್ರಾಯ. ಗಿರಾಕಿ ಓದುವುದು ಅದನ್ನೇ.

ಅರ್ಜಿ ಹಾಕಿದ ಮೇಲೆ ಹೆಸರಿನ ಪಕ್ಕ ‘ಟಿಎಂ’ ಅಂತ ಹಾಕಿಕೊಳ್ಳಬಹುದು. ವೃತ್ತದೊಳಗಿನ ‘ಆರ್’ ಗುರುತು ಮಾತ್ರ ಪ್ರಮಾಣಪತ್ರ ಕೈಗೆ ಬಂದ ಮೇಲೆಯೇ. ಮೊದಲೇ ಹಾಕುವುದು ಕಾನೂನಿಗೆ ವಿರುದ್ಧ.

ನಿಮ್ಮ ಅರ್ಜಿಯ ಬಗ್ಗೆ ಟ್ರೇಡ್‌ಮಾರ್ಕ್ ಕಚೇರಿಯಿಂದ ಪರೀಕ್ಷಾ ವರದಿ ಬಂದರೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಇಮೇಲ್ ನೋಡದೆ ಅರ್ಜಿ ಕಳೆದುಕೊಂಡವರು ಎಷ್ಟೋ ಮಂದಿ. ಏಜೆಂಟರ ಇಮೇಲ್ ಜೊತೆ ನಿಮ್ಮದನ್ನೂ ಕೊಟ್ಟಿರಿ.

6. ಅವರು ಅರ್ಜಿ ಹಾಕಿದ್ದರೆ

ಅವರ ಅರ್ಜಿ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾದ ದಿನದಿಂದ ನಾಲ್ಕು ತಿಂಗಳೊಳಗೆ ವಿರೋಧ ಸಲ್ಲಿಸಬಹುದು. ಆನ್‌ಲೈನ್ ಶುಲ್ಕ ವರ್ಗಕ್ಕೆ 2,700 ರೂಪಾಯಿ. ಈ ನಾಲ್ಕು ತಿಂಗಳನ್ನು ಹಿಗ್ಗಿಸೋಕೆ ಆಗುವುದಿಲ್ಲ. ಆದ್ದರಿಂದ ಅವರ ಅರ್ಜಿ ಸಂಖ್ಯೆ ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ಅದರ ಸ್ಥಿತಿ ನೋಡುತ್ತಿರಿ. ನೋಂದಣಿ ಆಗಿಹೋಗಿದ್ದರೆ ರದ್ದು ಕೋರಿ 57ನೇ ಸೆಕ್ಷನ್ ಅಡಿ ಟ್ರೇಡ್‌ಮಾರ್ಕ್ ರಿಜಿಸ್ಟ್ರಾರ್ ಹತ್ತಿರ ಅಥವಾ ಹೈಕೋರ್ಟಿಗೆ ಹೋಗಬಹುದು. ಮೊದಲಿದ್ದ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾಗಿದೆ, ಹಳೇ ಲೇಖನ ಓದಿ ಅದನ್ನು ಹುಡುಕಬೇಡಿ.

ಅವರು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಕೊಂಡಿದ್ದರೆ ಇನ್ನೊಂದು ದಾರಿ ಇದೆ. ನಿಮ್ಮ ಹತ್ತಿರ ನೋಂದಾಯಿತ ಟ್ರೇಡ್‌ಮಾರ್ಕ್ ಇದ್ದರೆ, ಅವರ ಕಂಪನಿ ಶುರುವಾಗಿ ಅಥವಾ ಹೆಸರು ಬದಲಾಗಿ ಮೂರು ವರ್ಷದೊಳಗೆ 2013ರ ಕಂಪನಿ ಕಾಯ್ದೆಯ 16ನೇ ಸೆಕ್ಷನ್ ಅಡಿ ಪ್ರಾದೇಶಿಕ ನಿರ್ದೇಶಕರಿಗೆ ಅರ್ಜಿ ಕೊಡಬಹುದು. ನಿರ್ದೇಶಕರು ಒಪ್ಪಿದರೆ ಮೂರು ತಿಂಗಳೊಳಗೆ ಹೆಸರು ಬದಲಿಸಲು ಆದೇಶ ಕೊಡುತ್ತಾರೆ.

7. ಈಗ ಮಾತಾಡಿ, ಆಮೇಲೆ ಬರೆಯಿರಿ

ಹೊಸಬರಿಗೆ ನಿಮ್ಮ ಅಂಗಡಿ ಇರುವುದು ಗೊತ್ತಿಲ್ಲದೆಯೂ ಇರಬಹುದು. ಬೇರೆ ಊರಿನಿಂದ ಬಂದವರು, ಮಗಳ ಹೆಸರನ್ನೋ ಮನೆದೇವರ ಹೆಸರನ್ನೋ ಇಟ್ಟವರು ಇರುತ್ತಾರೆ. ಹಾಗಾಗಿ ಇಬ್ಬರಿಗೂ ಬೇಕಾದ ಒಬ್ಬರನ್ನು ಮುಂದಿಟ್ಟುಕೊಂಡು ಒಂದು ಸಲ ಮಾತಾಡಿ. ವರ್ತಕರ ಸಂಘದ ಹಿರಿಯರು, ಇಬ್ಬರಿಗೂ ಸಾಮಾನು ಕೊಡುವ ಮಂಡಿಯವರು ಆಗಬಹುದು. ಮಾತು ಹೀಗಿದ್ದರೆ ಸಾಕು: ‘ಅಣ್ಣಾ, ನೀವು ವ್ಯಾಪಾರ ಮಾಡಿ, ಬೇಡ ಅನ್ನಲ್ಲ. ಈ ಹೆಸರಿನಿಂದ ಇಬ್ಬರಿಗೂ ತೊಂದರೆ ಆಗ್ತಿದೆ. ನಿಮ್ಮ ಪಾರ್ಸೆಲ್ ನಮ್ಮಲ್ಲಿಗೆ ಬರ್ತಿದೆ, ನೋಡಿ.’ ನೋಟ್‌ಬುಕ್ ತೋರಿಸಿ. ಹೊಸ ಬೋರ್ಡಿಗೆ ದುಡ್ಡು ಹಾಕಿ ಇನ್ನೂ ತಿಂಗಳಾಗಿರುವಾಗ ಬದಲಿಸೋದು ಅವರಿಗೂ ಸುಲಭ. ವರ್ಷ ಕಳೆದರೆ ಕಷ್ಟ.

ಒಪ್ಪದಿದ್ದರೆ ಬರವಣಿಗೆಯಲ್ಲಿ ಕೇಳಿ. ಪತ್ರ ಗಟ್ಟಿಯಾಗಿರಲಿ, ಆದರೆ ಬೈಗುಳ ಬೇಡ:

‘ನಾವು ಇದೇ ಊರಿನಲ್ಲಿ 2009ರಿಂದ ಸಿರಿಗಂಪು ಕಾಂಡಿಮೆಂಟ್ಸ್ ಹೆಸರಿನಲ್ಲಿ ವ್ಯಾಪಾರ ಮಾಡುತ್ತಿದ್ದೇವೆ. ನೀವು ಇದೇ ಸರಕಿಗೆ ನ್ಯೂ ಸಿರಿಕಂಪು ಎಂಬ ಹೆಸರು ಬಳಸುತ್ತಿರುವುದು ನಮ್ಮ ಗಮನಕ್ಕೆ ಬಂದಿದೆ. ಇದರಿಂದ ಗಿರಾಕಿಗಳು ಎರಡೂ ಒಂದೇ ಎಂದು ತಿಳಿಯುತ್ತಿದ್ದಾರೆ. ನಮ್ಮ ಬಳಕೆಯ ದಾಖಲೆಗಳ ಪ್ರತಿ, ಗೊಂದಲದ ಕೆಲವು ಉದಾಹರಣೆ ಜೊತೆಗಿವೆ. ಈ ಪತ್ರ ತಲುಪಿದ 15 ದಿನಗಳೊಳಗೆ ಹೆಸರು ಬದಲಿಸುವ ಬಗ್ಗೆ ಲಿಖಿತವಾಗಿ ತಿಳಿಸಬೇಕಾಗಿ ಕೋರುತ್ತೇವೆ.’

ಇದನ್ನು ವಕೀಲರ ಮೂಲಕ ನೋಟಿಸಾಗಿ ಕಳಿಸಿದರೆ ಇನ್ನೂ ಒಳ್ಳೆಯದು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಮತ್ತು ತಲುಪಿದ ವಿವರ ಇಟ್ಟುಕೊಳ್ಳಿ. ನೀವು ಸುಮ್ಮನೆ ಕೂರಲಿಲ್ಲ ಅನ್ನೋದಕ್ಕೆ ಮೊದಲ ಕಾಗದ ಇದೇ. ‘ಜೈಲಿಗೆ ಹಾಕಿಸ್ತೀನಿ’ ಅಂತೆಲ್ಲ ಬರೆಯಬೇಡಿ. ಆಧಾರವಿಲ್ಲದೆ ಕೇಸಿನ ಬೆದರಿಕೆ ಹಾಕಿದರೆ ಟ್ರೇಡ್‌ಮಾರ್ಕ್ ಕಾಯ್ದೆಯ 142ನೇ ಸೆಕ್ಷನ್ ಅಡಿ ಅವರೇ ನಿಮ್ಮ ಮೇಲೆ ದಾವೆ ಹೂಡಬಹುದು. ಅಂಗಡಿ ಮುಂದೆ ಅವರ ವಿರುದ್ಧ ‘ನಕಲಿ’, ‘ಮೋಸ’ ಅಂತ ಬ್ಯಾನರ್ ಕಟ್ಟಿದರೆ ಮಾನನಷ್ಟದ ತಲೆನೋವು ಬೇರೆ. ‘ನಮಗೆ ಬೇರೆ ಶಾಖೆಗಳಿಲ್ಲ’ ಅಂತ ಒಂದು ಬೋರ್ಡು ಸಾಕು. ಅದು ಸತ್ಯವೂ ಹೌದು, ಗಿರಾಕಿಗೆ ಬೇಕಾದ ಮಾಹಿತಿಯೂ ಹೌದು.

ಇದೇ ಹೊತ್ತಿನಲ್ಲಿ ಆನ್‌ಲೈನ್ ದೂರುಗಳನ್ನೂ ಹಾಕಿ. ಗೂಗಲ್, ಇನ್‌ಸ್ಟಾಗ್ರಾಮ್, ಅಮೆಜಾನ್ ಎಲ್ಲದರಲ್ಲೂ ಟ್ರೇಡ್‌ಮಾರ್ಕ್ ದೂರಿನ ಫಾರಂ ಇದೆ. ನೋಂದಣಿ ಸಂಖ್ಯೆ ಇದ್ದರೆ ಬೇಗ ಕೆಲಸ ಆಗುತ್ತದೆ, ಇಲ್ಲದಿದ್ದರೆ ಸ್ವಲ್ಪ ಕಷ್ಟ.

8. ಕೋರ್ಟಿಗೆ ಹೋಗಬೇಕಾಗಿ ಬಂದರೆ

ದಾವೆ ಹೂಡಬೇಕಾದದ್ದು ಜಿಲ್ಲಾ ನ್ಯಾಯಾಲಯ ಅಥವಾ ಅದಕ್ಕಿಂತ ಮೇಲಿನ ಕೋರ್ಟಿನಲ್ಲಿ. ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚಿನ ಮೌಲ್ಯದ ದಾವೆ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ಪರಿಹಾರ ಕೇಳದ ವಾಣಿಜ್ಯ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು ಅಂತ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಸೆಕ್ಷನ್ ಹೇಳುತ್ತದೆ. ತಾತ್ಕಾಲಿಕ ತಡೆಯಾಜ್ಞೆ ತುರ್ತಾಗಿ ಬೇಕು ಅಂದರೆ ನೇರ ಹೋಗಬಹುದು. ಹೆಸರಿನ ಜಗಳದಲ್ಲಿ ಸಾಮಾನ್ಯವಾಗಿ ಬೇಕಾಗುವುದು ಅದೇ.

ತಡೆಯಾಜ್ಞೆ ಬಂದರೆ ಬಹಳ ಪ್ರಕರಣ ಅಲ್ಲೇ ರಾಜಿಯಾಗುತ್ತವೆ. ಅಹಮದಾಬಾದಿನ ‘ಮುಕ್ತಜೀವನ್ ಕಲರ್ ಲ್ಯಾಬ್’ ಅನ್ನುವ ಫೋಟೋ ಸ್ಟುಡಿಯೋದವರು ಇಂಥದೇ ಜಗಳ ಹೊತ್ತು ಹೋದಾಗ ಕೆಳಗಿನ ಕೋರ್ಟುಗಳು ತಡೆಯಾಜ್ಞೆ ಕೊಡಲಿಲ್ಲ. 2001ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿತು. ಒಂದು ಊರಿನ ಒಂದು ಫೋಟೋ ಲ್ಯಾಬಿನ ಹೆಸರಿಗೂ ದೇಶದ ದೊಡ್ಡ ಕೋರ್ಟು ಕಾವಲು ನಿಂತಿತು. ಸಣ್ಣ ವ್ಯಾಪಾರಿಗಳ ವಕೀಲರು ಇವತ್ತಿಗೂ ಆ ತೀರ್ಪನ್ನು ಮುಂದಿಡುತ್ತಾರೆ.

ಎದುರಿನವರು ಬೇರೆ ಜಿಲ್ಲೆಯವರಾದರೆ ನೋಂದಣಿಯ ಲಾಭ ಇಲ್ಲಿ ಕಾಣುತ್ತದೆ. ನೋಂದಾಯಿತ ಹೆಸರಿನ ಉಲ್ಲಂಘನೆಗೆ ಟ್ರೇಡ್‌ಮಾರ್ಕ್ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ನಿಮ್ಮ ವ್ಯಾಪಾರ ಇರುವ ಜಿಲ್ಲೆಯಲ್ಲೇ ದಾವೆ ಹೂಡಬಹುದು. ನೋಂದಣಿ ಇಲ್ಲದ ಪಾಸಿಂಗ್ ಆಫ್ ದಾವೆಯಾದರೆ ಅವರಿರುವ ಅಥವಾ ಗೊಂದಲ ನಡೆದ ಜಾಗದ ಕೋರ್ಟಿಗೆ ಹೋಗಬೇಕು.

ನೋಟಿಸ್ ಕೊಟ್ಟ ಮೇಲೆ ಅವರೇ ಮೊದಲು ಕೋರ್ಟಿಗೆ ಹೋಗುವ ಸೂಚನೆ ಸಿಕ್ಕರೆ ಒಂದು ಕೇವಿಯಟ್ ಹಾಕಿಬಿಡಿ. ನಿಮ್ಮ ಮಾತು ಕೇಳದೆ ಆದೇಶ ಆಗದಂತೆ ಅದು ನೋಡಿಕೊಳ್ಳುತ್ತದೆ. 90 ದಿನ ಚಾಲ್ತಿಯಲ್ಲಿರುತ್ತದೆ. ವಕೀಲರನ್ನು ಆರಿಸುವಾಗ ಟ್ರೇಡ್‌ಮಾರ್ಕ್ ಕೇಸು ನಡೆಸಿದವರೇ ಅಂತ ಕೇಳಿ. ತಡೆಯಾಜ್ಞೆವರೆಗೆ ಎಷ್ಟು, ಆಮೇಲೆ ಎಷ್ಟು ಅಂತ ಶುಲ್ಕವನ್ನು ಬರೆಸಿಕೊಳ್ಳಿ.

ಪೊಲೀಸರ ದಾರಿಯೂ ಕಾಯ್ದೆಯಲ್ಲಿದೆ. ಆದರೆ ಅದು ನಿಮ್ಮ ಲೇಬಲ್ಲನ್ನೇ ಅಚ್ಚೊತ್ತಿ ನಕಲಿ ಮಾಲು ಮಾರುವವರಿಗೆ ತಕ್ಕದ್ದು. ಡಿವೈಎಸ್ಪಿ ದರ್ಜೆಯ ಅಧಿಕಾರಿಯೇ ಬೇಕು, ಮಾಲು ಜಪ್ತಿಗೆ ಮೊದಲು ರಿಜಿಸ್ಟ್ರಾರ್ ಅಭಿಪ್ರಾಯ ಪಡೆಯಬೇಕು. ಹೆಸರು ಹೋಲುವ ಜಗಳಕ್ಕೆ ಅದು ಹೊಂದುವುದು ಅಪರೂಪ.

ತಡ ಮಾಡಿದರೆ ಏನಾಗುತ್ತದೆ ಅನ್ನೋದಕ್ಕೆ ಬೆಂಗಳೂರಿನದ್ದೇ ಉದಾಹರಣೆ ಇದೆ. ಇಲ್ಲಿನ ಖೋಡೆ ಕಂಪನಿ 1968ರಿಂದ ‘ಪೀಟರ್ ಸ್ಕಾಟ್’ ವಿಸ್ಕಿ ಮಾಡುತ್ತಿತ್ತು. ಆ ಹೆಸರು ಕೇಳಿದರೆ ಸ್ಕಾಟ್ಲೆಂಡಿನ ವಿಸ್ಕಿ ಅನಿಸುತ್ತದೆ ಅಂತ ಅಲ್ಲಿನ ವಿಸ್ಕಿ ಸಂಘ ತಕರಾರು ತೆಗೆಯಿತು. ಆದರೆ 1974ರಲ್ಲೇ ವಿಷಯ ಗೊತ್ತಿದ್ದ ಸಂಘ ರದ್ದತಿಗೆ ಅರ್ಜಿ ಹಾಕಿದ್ದು 1986ರಲ್ಲಿ. 2008ರಲ್ಲಿ ಸುಪ್ರೀಂ ಕೋರ್ಟ್ ಖೋಡೆ ಪರ ತೀರ್ಪು ಕೊಟ್ಟಾಗ ಈ ತಡವೂ ಒಂದು ದೊಡ್ಡ ಕಾರಣವಾಯಿತು. ಅಷ್ಟು ದೊಡ್ಡ ಸಂಘಕ್ಕೇ ಮಾಫಿ ಸಿಗಲಿಲ್ಲ. ಎದುರಿನವರ ನೋಂದಾಯಿತ ಹೆಸರನ್ನು ಗೊತ್ತಿದ್ದೂ ಐದು ವರ್ಷ ಸತತವಾಗಿ ಸಹಿಸಿಕೊಂಡರೆ 33ನೇ ಸೆಕ್ಷನ್ ಸಾಮಾನ್ಯವಾಗಿ ನಿಮ್ಮ ಬಾಯಿ ಕಟ್ಟುತ್ತದೆ.

9. ರಾಜಿಯಾದರೆ ಪೂರ್ತಿ ಬರೆಸಿ

‘ಆಯ್ತು, ಬದಲಿಸ್ತೀವಿ’ ಅನ್ನುವ ಬಾಯಿಮಾತಿಗೆ ನಿಲ್ಲಿಸಬೇಡಿ. ಛಾಪಾ ಕಾಗದದ ಮೇಲೆ, ಸಾಕ್ಷಿಗಳ ಸಹಿಯೊಂದಿಗೆ ಬರೆಸಿ. ಬೋರ್ಡು ಯಾವತ್ತಿನೊಳಗೆ ಇಳಿಯಬೇಕು, ಅಚ್ಚಾದ ಪ್ಯಾಕೆಟ್ ಎಷ್ಟು ದಿನ ಬಳಸಬಹುದು, ಗೂಗಲ್ ಪುಟ, ಇನ್‌ಸ್ಟಾಗ್ರಾಮ್ ಖಾತೆ, ಜಾಲತಾಣದ ವಿಳಾಸ ಏನಾಗಬೇಕು, ಹಾಕಿದ ಟ್ರೇಡ್‌ಮಾರ್ಕ್ ಅರ್ಜಿ ವಾಪಸ್ ಆಗಬೇಕಾ, ಮುಂದೆ ಹೆಂಡತಿ ಮಕ್ಕಳ ಹೆಸರಿನಲ್ಲಿ ಮತ್ತೆ ಅದೇ ಹೆಸರು ತರಬಾರದು ಅನ್ನೋದು, ಎಲ್ಲವೂ ಇರಲಿ. ಎರಡು ಮೂರು ತಿಂಗಳ ಸಮಯ ಕೊಡಿ. ಹೊಸ ಬೋರ್ಡಿನ ಖರ್ಚಿನಲ್ಲಿ ಸ್ವಲ್ಪ ಪಾಲು ನೀವೇ ಕೊಟ್ಟು ಮುಗಿಸಿದರೂ ತಪ್ಪಿಲ್ಲ. ಕೋರ್ಟಿನ ಖರ್ಚಿಗಿಂತ ಅದು ಕಮ್ಮಿಯೇ. ದಾವೆ ನಡೆಯುತ್ತಿದ್ದರೆ ರಾಜಿಯನ್ನು ಕೋರ್ಟಿಗೇ ಸಲ್ಲಿಸಿ ಡಿಕ್ರಿ ಮಾಡಿಸಿ. ಆಮೇಲೆ ಮಾತು ತಪ್ಪಿದರೆ ಹೊಸದಾಗಿ ದಾವೆ ಹೂಡಬೇಕಾಗಿಲ್ಲ.

10. ಎದುರಿನವರು ಸ್ವಂತ ತಮ್ಮನೇ ಆದರೆ

ನಮ್ಮ ಕಡೆ ಹೆಸರಿನ ಜಗಳಗಳು ಹೊರಗಿನವರಿಂದ ಬರುವಷ್ಟೇ ಮನೆಯೊಳಗಿನಿಂದಲೂ ಬರುತ್ತವೆ. ಅಪ್ಪ ಕಟ್ಟಿದ ಅಂಗಡಿ, ಮಕ್ಕಳು ಪಾಲಾಗುತ್ತಾರೆ, ಇಬ್ಬರೂ ಅದೇ ಹೆಸರಿನ ಬೋರ್ಡು ಹಾಕುತ್ತಾರೆ. ದೊಡ್ಡ ಕಂಪನಿಗಳಲ್ಲೂ ಇದು ನಡೆದಿದೆ. ಕ್ಯಾಡಿಲಾ ಔಷಧ ಸಮೂಹ ಒಡೆದಾಗ ಎರಡೂ ಕಡೆಯವರು ‘ಕ್ಯಾಡಿಲಾ’ ಹೆಸರನ್ನು ಉಳಿಸಿಕೊಂಡರು. ಆಮೇಲೆ ಒಂದೇ ಕಾಯಿಲೆಗೆ ಬಳಸುವ ‘ಫಾಲ್ಸಿಗೊ’, ‘ಫಾಲ್ಸಿಟ್ಯಾಬ್’ ಅನ್ನುವ ಔಷಧಿಗಳ ಹೆಸರಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. ಔಷಧಿ ಹೆಸರುಗಳ ಗೊಂದಲದ ಬಗ್ಗೆ 2001ರಲ್ಲಿ ಬಂದ ಆ ತೀರ್ಪು ಇವತ್ತಿಗೂ ಹೆಸರಿನ ಬಹಳಷ್ಟು ಕೇಸುಗಳಲ್ಲಿ ಉಲ್ಲೇಖವಾಗುತ್ತದೆ.

ಇಲ್ಲಿ ಮೇಲಿನ ಹೆಜ್ಜೆಗಳಲ್ಲಿ ಅರ್ಧ ಕೆಲಸಕ್ಕೆ ಬರುವುದಿಲ್ಲ. ಮೊದಲು ಬಳಸಿದ್ದು ಯಾರು ಅಂದರೆ ಇಬ್ಬರೂ ಅಪ್ಪನನ್ನೇ ತೋರಿಸುತ್ತಾರೆ. ಉತ್ತರ ಸಿಗುವುದು ಪಾಲುಪಟ್ಟಿಯಲ್ಲಿ, ಪಾಲುದಾರಿಕೆ ಪತ್ರದಲ್ಲಿ ಬರೆದಿದ್ದರೆ ಮಾತ್ರ. ಹೊಲ, ಮನೆ, ಒಡವೆ, ಫ್ರಿಜ್ಜು ಎಲ್ಲ ಬರೆದಿರುತ್ತಾರೆ, ಅಂಗಡಿಯ ಹೆಸರು ಯಾರಿಗೆ ಅಂತ ಬರೆದಿರುವುದಿಲ್ಲ. ಪತ್ರ ಇನ್ನೂ ಆಗಿಲ್ಲದಿದ್ದರೆ ಈಗಲೇ ನಾಲ್ಕು ಸಾಲು ಸೇರಿಸಿ: ಹೆಸರು ಮತ್ತು ಲೋಗೋ ಯಾರಿಗೆ, ಟ್ರೇಡ್‌ಮಾರ್ಕ್ ಯಾರ ಹೆಸರಿಗೆ ವರ್ಗವಾಗಬೇಕು, ಇನ್ನೊಬ್ಬರು ಬಳಸಬಹುದಾದರೆ ಯಾವ ಊರಿನಲ್ಲಿ, ಯಾವ ಸರಕಿಗೆ, ಹೆಸರಿನ ಜೊತೆ ಏನು ಸೇರಿಸಿಕೊಂಡು. ಹೆಸರು ಸಿಗದವರಿಗೆ ಅದರ ಬದಲು ದುಡ್ಡೋ ಜಾಗವೋ ಎಷ್ಟು ಅಂತಲೂ ಬರೆಯಿರಿ. ವರ್ಗಾವಣೆಯನ್ನು ಟ್ರೇಡ್‌ಮಾರ್ಕ್ ಕಚೇರಿಯಲ್ಲಿ ದಾಖಲು ಮಾಡಿಸಿ, ಹತ್ತು ವರ್ಷಕ್ಕೊಮ್ಮೆ ನವೀಕರಣದ ಶುಲ್ಕ ಯಾರು ಕಟ್ಟಬೇಕು ಅನ್ನೋದನ್ನೂ ಅದೇ ಪುಟದಲ್ಲಿ ಸೇರಿಸಿ.